ಹುಲ್ಲುಹಾಸಿನ ಕೆಳಗಿನ ಜೀತ



ಕಳೆದ ರಾಜ್ಯೋತ್ಸವದ ದಿನ ನಮ್ಮ ಸಂಘದ ವೇದಿಕೆಯ ಮೇಲೆ ಒಬ್ಬ ಮಹನೀಯರಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ತಟ್ಟೆ ಕೊಟ್ಟೆವು. ಅವರು ಕನ್ನಡಿಗರು. ದೊಡ್ಡ ಕಟ್ಟಡಗಳ ಸುತ್ತ ತೋಟ ಮಾಡಿಕೊಡುವ ಕಂತ್ರಾಟು ಹಿಡಿದು ಮುಂದೆ ಬಂದವರು. ಅಂದಿನ ಊಟದ ಖರ್ಚೆಲ್ಲ ಅವರದೇ. ಚಪ್ಪಾಳೆ ತಟ್ಟಿದವರಲ್ಲಿ ನಾವೂ ಇದ್ದೆವು; ಇಲ್ಲವೆಂದರೆ ಸುಳ್ಳಾದೀತು.

ತಿಂಗಳು ಕಳೆಯಲಿಲ್ಲ. ಒಂದು ರಾತ್ರಿ ಹೋಟೆಲುಗಳ ಸುತ್ತು ಮುಗಿಸಿ ಸಂಘದ ಖೋಲಿಗೆ ಬಂದರೆ ಮೆಟ್ಟಿಲ ಮೇಲೆ ಒಂಬತ್ತು ಜನ ಕುಳಿತಿದ್ದರು. ಆರು ಗಂಡಸರು, ಮೂವರು ಹೆಂಗಸರು. ಒಬ್ಬಾಕೆಯ ಮಡಿಲಲ್ಲಿ ನಿದ್ದೆ ಹೋದ ಮಗು. ಕಾಲಿಗೆ ಇನ್ನೂ ಕೆಮ್ಮಣ್ಣು ಅಂಟಿತ್ತು. ಯಾದಗಿರಿ ಕಡೆಯವರು. ಚಹ ತರಿಸಿ, ಏನಪ್ಪ ಸಮಾಚಾರ ಎಂದು ಕೇಳಿದೆವು. ಅವರಲ್ಲಿ ಹಿರಿಯನಾದವನು ಎದ್ದು ನಿಂತೇ ಮಾತನಾಡಿದ: "ಊರಿಗಿ ಹೋಗಾಕ ಬಿಡವಲ್ರು ರೀ ಅಣ್ಣಾರ. ಮುಂಗಡ ಇನ್ನಾ ತೀರಿಲ್ಲಂತಾರ. ಆಧಾರ ಕಾರ್ಡು, ಬ್ಯಾಂಕಿನ ಕಾರ್ಡು ಎಲ್ಲಾ ಅವರ ಕಡೆನೇ ಅದಾವ." ಯಾರ ಕಡೆ ಎಂದು ಕೇಳಿದಾಗ ಮುಕಾದಮನ ಹೆಸರು ಹೇಳಿದ. ಆ ಮುಕಾದಮ ಯಾರ ಕೆಳಗೆ ಎಂದು ಕೇಳಿದಾಗ ನಾವು ಶಾಲು ಹೊದಿಸಿದವರ ಹೆಸರು ಬಂತು.

ಆ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ದೂರು ಜಿಲ್ಲಾಧಿಕಾರಿಗಳ ಮುಂದಿದೆ. ಮತ್ತೊಂದು ಕಾರಣವೂ ಇದೆ: ಹೆಸರು ಬರೆದರೆ ಇದು ಒಬ್ಬನ ದುಷ್ಟತನದ ಕಥೆಯಾಗಿಬಿಡುತ್ತದೆ, ಉಳಿದವರು ನೆಮ್ಮದಿಯಿಂದ ಮಲಗುತ್ತಾರೆ. ಈ ದಂಧೆ ಒಬ್ಬನದಲ್ಲ.

ತೋಟದ ಕೆಲಸವೆಂದರೆ ಮುದುಕ ಮಾಲಿಯೊಬ್ಬ ಪೈಪು ಹಿಡಿದು ನೀರು ಬಿಡುವುದೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಈಗಿನದು ಹಾಗಲ್ಲ. ಕಟ್ಟಡ ಮುಗಿದು, ಮನೆಗಳ ಬೀಗದ ಕೈ ಕೊಡುವ ದಿನ ಗೊತ್ತಾದ ಮೇಲೆ ತೋಟದವರನ್ನು ಕರೆಯುತ್ತಾರೆ. ಲಾರಿಗಟ್ಟಲೆ ಕೆಮ್ಮಣ್ಣು, ಗೊಬ್ಬರ ಬರುತ್ತದೆ. ನರ್ಸರಿಯಲ್ಲಿ ಬೆಳೆಸಿ ಚಾಪೆಯಂತೆ ಕತ್ತರಿಸಿದ ಹುಲ್ಲು ಬರುತ್ತದೆ. ಅದನ್ನು ಬಿಸಿಲಲ್ಲಿ ಬಿಟ್ಟರೆ ಹಳದಿಯಾಗುತ್ತದೆ, ಆದುದರಿಂದ ಬಂದ ರಾತ್ರಿಯೇ ಹಾಸಿ ಮುಗಿಸಬೇಕು. ಆಳೆತ್ತರದ ಗಿಡಗಳನ್ನು ಬೇರಿನ ಮಣ್ಣು ಒಡೆಯದಂತೆ ಹೊತ್ತು ಇಳಿಸಬೇಕು. ಹುಳದ ಔಷಧವನ್ನು ಬರಿಗೈಯಲ್ಲಿ ಕಲಸಿ ಹೊಡೆಯಬೇಕು. ಹದಿನೈದಿಪ್ಪತ್ತು ದಿನದಲ್ಲಿ ಕೆಲಸ ತೀರಿಸಿ, ತಗಡು ಬಿಚ್ಚಿ ಟೆಂಪೋದಲ್ಲಿ ಹಾಕಿಕೊಂಡು ಇನ್ನೊಂದು ಕಡೆಗೆ. ಈ ತಂಡ ಏಳು ತಿಂಗಳಲ್ಲಿ ಮುಂಬಯಿ, ಠಾಣೆ, ಪನವೇಲ್, ಪುಣೆ ಎಂದು ಹತ್ತು ಜಾಗ ಕಂಡಿದೆ. ಹೋಟೆಲಿನ ಮಾಣಿಗೆ ಎದುರು ಅಂಗಡಿಯವನಾದರೂ ಪರಿಚಯವಿರುತ್ತಾನೆ. ಇವರಿಗೆ ಯಾವ ಊರಿನ ಹೆಸರೂ ನೆಟ್ಟಗೆ ತಿಳಿಯದು. ಮುಕಾದಮನೊಬ್ಬನೇ ಪರಿಚಿತ. ಅವನಿಗೆ ಬೇಕಾದ್ದೂ ಅದೇ.

ಸರಪಳಿ ಹೀಗಿದೆ. ಬಿಲ್ಡರನು ತೋಟದ ಕಂಪನಿಗೆ ಕೆಲಸ ಕೊಡುತ್ತಾನೆ. ಕಂಪನಿ ಕಂತ್ರಾಟುದಾರನಿಗೆ ಕೊಡುತ್ತದೆ. ಕಂತ್ರಾಟುದಾರ ಮುಕಾದಮನಿಗೆ ಜನ ತರಲು ಹಣ ಕೊಡುತ್ತಾನೆ. ಮುಕಾದಮ ಸುಗ್ಗಿ ಮುಗಿದ ಮೇಲೆ ಊರಿಗೆ ಹೋಗಿ, ಮದುವೆ ಸಾಲ, ಆಸ್ಪತ್ರೆ ಸಾಲ ಯಾರಿಗಿದೆ ಎಂದು ವಿಚಾರಿಸಿ, ಗಂಡ-ಹೆಂಡತಿ ಜೋಡಿಗೆ ಇಷ್ಟೆಂದು ಮುಂಗಡ ಎಣಿಸಿ ಗುಳೆ ಎಬ್ಬಿಸಿಕೊಂಡು ಬರುತ್ತಾನೆ. ಪಗಾರ ಕೇಳಿದರೆ ಮೇಲಿನವರೆಲ್ಲ ಕೆಳಗೆ ಬೆರಳು ತೋರಿಸುತ್ತಾರೆ. ಕೆಳಗಿನವನು, "ಮೇಲಿನಿಂದ ಬಿಲ್ಲು ಪಾಸಾಗಿಲ್ಲ" ಎನ್ನುತ್ತಾನೆ.

ಮೆಟ್ಟಿಲ ಮೇಲೆ ಕುಳಿತಿದ್ದವರಲ್ಲಿ ಒಂದು ಜೋಡಿಯ ಲೆಕ್ಕವನ್ನು ನಮ್ಮ ಕಾರ್ಯದರ್ಶಿಗಳು ಅಂದೇ ರಾತ್ರಿ ಕಾಗದದ ಮೇಲೆ ಹಾಕಿದರು. ಮುಂಗಡ 30,000 ರೂಪಾಯಿ. ಒಪ್ಪಿದ ಕೂಲಿ ಗಂಡಸಿಗೆ ದಿನಕ್ಕೆ 500, ಹೆಂಗಸಿಗೆ 400. (ಹೆಂಗಸು ಹೊತ್ತ ಮಣ್ಣಿನ ಬುಟ್ಟಿ ಹಗುರವೋ ಏನೋ!) ತಿಂಗಳಿಗೆ 26 ದಿನದಂತೆ ಏಳು ತಿಂಗಳಿಗೆ 182 ದಿನ, ಇಬ್ಬರ ದುಡಿಮೆ 1,63,800 ರೂಪಾಯಿ. ವಾರವಾರ ಅಕ್ಕಿ-ಎಣ್ಣೆಗೆಂದು ಮುಕಾದಮ ಕೊಟ್ಟ ಖರ್ಚಿ 1,200ರಂತೆ 30 ವಾರಕ್ಕೆ 36,000. ಖರ್ಚಿಯನ್ನೂ ಮುಂಗಡವನ್ನೂ ಮುರಿದರೆ, ಅವರ ಕೈಗೆ ಬರಬೇಕಾದ್ದು 97,800 ರೂಪಾಯಿ. ಆದರೆ ಮುಕಾದಮನ ಪುಸ್ತಕದಲ್ಲಿ ಅವರೇ 41,000 ಕೊಡಬೇಕು! ಹೇಗೆ? ಕೇಳಿ. ತಗಡಿನ ಶೆಡ್ಡಿಗೆ ಬಾಡಿಗೆ, ರೈಲಿನ ಟಿಕೇಟು, ಟೆಂಪೋ ಭಾಡೆ, ಸಲಿಕೆ ಮುರಿದದ್ದಕ್ಕೆ ಬೆಲೆ, ಜ್ವರ ಬಂದು ಮಲಗಿದ ದಿನಕ್ಕೆ ಎರಡು ದಿನದ ಕೂಲಿ ಕಡಿತ, ಹಾಸಿದ ಹುಲ್ಲು ಒಣಗಿದ್ದಕ್ಕೆ ದಂಡ. ಕೂಲಿಯ ಬಹುಪಾಲು ದಿನಗಳಿಗೆ ಹಾಜರಿಯೇ ಇಲ್ಲ. ಮುಂಬಯಿಯ ಬಿಸಿಲಿಗೆ ಹುಲ್ಲು ಒಣಗಿದರೆ ಯಾದಗಿರಿಯ ಹೆಣ್ಣುಮಗಳು ದಂಡ ತೆರಬೇಕು.

ಇದನ್ನು ಕಾರ್ಯಕಾರಿ ಸಮಿತಿಯ ಮುಂದೆ ಇಟ್ಟೆವು. ಅಲ್ಲಿ ಕೇಳಿದ ಮಾತುಗಳಿಗೆ ಉತ್ತರ ಕೊಡಬೇಕೆಂದೇ ಈ ಲೇಖನ.

"ಅವರು ಘಟ್ಟದ ಮೇಲಿನವರು ಮಾರಾಯ್ರೆ. ನಮ್ಮದು ಹೋಟೆಲಿನವರ, ಗಿರಣಿಯವರ ಸಂಘ. ತೋಟದ ಕೂಲಿಗಳಿಗೂ ನಮಗೂ ಎಂತ ಸಂಬಂಧ?" ಎಂದರು ಒಬ್ಬ ಹಿರಿಯರು.

ಸಂಬಂಧ ಉಂಟು. ಮೊದಲು ಗಿರಣಿಯ ಮಾತು. 1982ರ ಜನವರಿ 18ರಂದು ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಬಂದರು. ಅವರಲ್ಲಿ ಕನ್ನಡಿಗರೂ ಇದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲವನ್ನು ನಗರಕ್ಕೂ ಬಡವರ ಮನೆಗಳಿಗೂ ಹಂಚಬೇಕೆಂದು 1991ರಲ್ಲಿ ಬಂದ ನಿಯಮವನ್ನು 2001ರಲ್ಲಿ ತಿದ್ದಿ, ಮಾಲಿಕರ ಪಾಲಿಗೆ ಬಹುಭಾಗ ಉಳಿಯುವಂತೆ ಮಾಡಿದರು. ಇಂದು ಪರೇಲಿನಲ್ಲಿ ಚಿಮಣಿ ಇದ್ದ ಕಡೆ ಗೋಪುರಗಳು. ಅವುಗಳ ಬುಡದಲ್ಲಿ ಈ ಹುಲ್ಲು. ನಮ್ಮ ತಂದೆಯವರ ಪಾಳಿಯ ಸೀಟಿ ಕೂಗಿದ ನೆಲದಲ್ಲೇ ಈ ಜನ ಹಾಜರಿಯಿಲ್ಲದೆ ದುಡಿಯುತ್ತಿದ್ದಾರೆ.

ಇನ್ನೂ ಹಿಂದಕ್ಕೆ ಹೋಗೋಣ. ಗಿರಣಿಯಲ್ಲಿ ಒಂದು ಕಾಲಕ್ಕೆ ಜಾಬರನೇ ದೇವರು. ಊರಿನಿಂದ ಜನ ತರುವವನು ಅವನು, ಕೆಲಸಕ್ಕೆ ಹಚ್ಚುವವನು ಅವನು, ತೆಗೆಯುವವನೂ ಅವನು. ಸಾಲ ಕೊಡುತ್ತಿದ್ದ, ದಸ್ತೂರಿ ಕೀಳುತ್ತಿದ್ದ. ಈಗಿನ ಮುಕಾದಮ ಆ ಜಾಬರನ ಮೊಮ್ಮಗ. ಅಂದಿನ ಜಾಬರನ ಬಲ ತಗ್ಗಿದ್ದು ಅವನಿಗೆ ಬುದ್ಧಿ ಬಂದದ್ದರಿಂದಲ್ಲ. ಕಾರ್ಮಿಕರು ಸಂಘ ಕಟ್ಟಿದರು. 1935ರಲ್ಲಿ ಬದಲಿ ಕಾರ್ಮಿಕರ ದಾಖಲೆ ಇಡುವ ಕ್ರಮ ಬಂತು. ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೆಂಬುದು ಜಾಬರನ ಬಾಯಿಯಿಂದ ಕೊಂಚಕೊಂಚವಾಗಿ ಕಾರ್ಡಿಗೆ, ಪುಸ್ತಕಕ್ಕೆ ಹೋಯಿತು. ಗಿರಣಿಯ ಹಿರಿಯರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು.

ಇನ್ನು ಹೋಟೆಲು. ನಮ್ಮಲ್ಲಿ ಎಷ್ಟು ಮಂದಿ ಹನ್ನೆರಡು ಹದಿಮೂರರ ವಯಸ್ಸಿಗೆ, ಏಳನೆಯ ತರಗತಿ ಮುಗಿಸಿಯೋ ಬಿಟ್ಟೋ, "ನಮ್ಮವರ" ಕೈ ಹಿಡಿದು ಬಸ್ಸು ಹತ್ತಿಲ್ಲ? ಹಗಲೆಲ್ಲ ಮೇಜು ಒರೆಸಿ ರಾತ್ರಿ ಅದೇ ಮೇಜುಗಳ ಮೇಲೆ ಮಲಗಲಿಲ್ಲವೆ? ಪಗಾರ ಕೇಳಿದಾಗ, "ನಿನಗೇಕೆ ಈಗ ಹಣ? ನನ್ನ ಹತ್ತಿರ ಇದ್ದರೆ ಬ್ಯಾಂಕಿನಲ್ಲಿದ್ದ ಹಾಗೆ" ಎಂದ ಧನಿಗಳನ್ನು ನಾವು ಕಂಡಿದ್ದೇವೆ. ಆ ಬ್ಯಾಂಕಿನಿಂದ ಹಣ ತೆಗೆಯಲು ಎಷ್ಟು ಜನರಿಗೆ ಆಯಿತು? ಅಂಗಿ, ಚಡ್ಡಿ, ಒಡೆದ ಗ್ಲಾಸು, ದೀಪಾವಳಿಗೆ ಊರಿಗೆ ಹೋಗುವ ಟಿಕೇಟು ಎಂದು ಮುರಿದು ಕೊನೆಗೆ ಕೈಗೆ ಬಂದದ್ದೆಷ್ಟು? 14 ವರ್ಷದ ಒಳಗಿನವರನ್ನು ಹೋಟೆಲಿನಲ್ಲಿ ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ನಮ್ಮಲ್ಲಿ ಅನೇಕರ ಬಾಲ್ಯ ಅದಕ್ಕೆ ಮೊದಲೇ ತೊಳೆದುಹೋಗಿತ್ತು. ಆಗ ನಾವು ಅದನ್ನು ಜೀತವೆನ್ನಲಿಲ್ಲ, ಧನಿಗಳ ಉಪಕಾರವೆಂದೆವು. ಒಡೆದ ಗ್ಲಾಸಿನ ಲೆಕ್ಕವೂ ಒಣಗಿದ ಹುಲ್ಲಿನ ಲೆಕ್ಕವೂ ಒಂದೇ ಪುಸ್ತಕದ ಎರಡು ಪುಟ.

ಎರಡನೆಯ ಮಾತು: "ಆದರೂ ಅವರು ನಮ್ಮ ಭಾಷೆಯವರು. ಪರಊರಿನಲ್ಲಿ ಕನ್ನಡಿಗನ ಮಾನ ಕನ್ನಡಿಗನೇ ತೆಗೆಯುವುದೆ?" ಇದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಮೆಟ್ಟಿಲ ಮೇಲೆ ಕುಳಿತಿದ್ದ ಒಂಬತ್ತು ಜನರ ಭಾಷೆ ಯಾವುದು? ಮುಕಾದಮನು ಅವರನ್ನು ಬೈದದ್ದೂ ಕನ್ನಡದಲ್ಲೇ.

ಮೂರನೆಯದು ಮಾತ್ರ ತೂಕದ ಮಾತು. "ಮುಂಗಡ ತೆಗೆದುಕೊಂಡವರು ಅವರೇ ಅಲ್ಲವೆ? ಯಾರೂ ಕೋವಿ ಹಿಡಿದಿರಲಿಲ್ಲ. ಮಗಳ ಮದುವೆಗೆ ಆ ಬಡವನಿಗೆ ಬ್ಯಾಂಕು ಸಾಲ ಕೊಡುತ್ತದೆಯೆ?"

ಕೊಡುವುದಿಲ್ಲ, ಒಪ್ಪಿದೆವು. ಮುಂಗಡವಿಲ್ಲದೆ ಆ ಮನೆಗಳಲ್ಲಿ ಒಲೆ ಉರಿಯದ ದಿನಗಳಿವೆ. ಸಾಲ ಕೊಟ್ಟದ್ದನ್ನೇ ನಾವು ಪಾಪವೆನ್ನುತ್ತಿಲ್ಲ. ಆದರೆ ಸಾಲ ಕೊಟ್ಟವನಿಗೆ ಸಾಲ ತಿರುಗಿ ಕೇಳುವ ಹಕ್ಕಿದೆಯೇ ಹೊರತು ಸಾಲಗಾರನ ಕಾಲನ್ನು ಹಿಡಿದಿಡುವ ಹಕ್ಕಿಲ್ಲ. ನಾಳೆ ಬೆಳಿಗ್ಗೆ ಆತ, "ನನಗೆ ಈ ಕೆಲಸ ಬೇಡ, ಬೇರೆ ಕಡೆ ದುಡಿದು ನಿನ್ನ ಹಣ ಕಟ್ಟುತ್ತೇನೆ" ಎಂದು ಗೇಟು ದಾಟಬಲ್ಲನೆ? ದಾಟಬಲ್ಲನಾದರೆ ಅದು ಸಾಲ. ದಾಟಲಾರನಾದರೆ ಅದು ಜೀತ. ನಮ್ಮ ಮಾತಲ್ಲ ಇದು. 1976ರ ಜೀತ ಪದ್ಧತಿ ರದ್ದು ಕಾನೂನು ಹೇಳುವುದೂ ಇದನ್ನೇ: ಮುಂಗಡದ ಕಾರಣದಿಂದ ಒಬ್ಬನು ಬೇರೆ ಕೆಲಸ ಹಿಡಿಯುವ ಅಥವಾ ದೇಶದಲ್ಲಿ ಓಡಾಡುವ ಸ್ವಾತಂತ್ರ್ಯ ಕಳೆದುಕೊಂಡರೆ, ಇಲ್ಲವೆ ಹೆಸರಿಗೆ ಮಾತ್ರ ಕೂಲಿ ಪಡೆದು ದುಡಿದರೆ, ಆತ ಜೀತದಾಳು. ಅಂಥ ಸಾಲ ಆ ಕಾನೂನಿನಿಂದಲೇ ವಜಾ. 41,000 ಅಲ್ಲ, ಒಂದು ಪೈಸೆಯೂ ಕೊಡಬೇಕಾಗಿಲ್ಲ. ದುಡಿಸಿದವನಿಗೆ ಮೂರು ವರ್ಷದವರೆಗೆ ಸೆರೆಮನೆ, 2,000 ರೂಪಾಯಿವರೆಗೆ ದಂಡ. ಇದು ಜೀತದ ಸಾಲವಲ್ಲವೆಂದು ತೋರಿಸುವ ಹೊಣೆಯೂ ಸಾಲ ಕೊಟ್ಟವನ ಮೇಲೆಯೇ. ಬರೆಯಲು ಬಾರದ ಕೂಲಿಕಾರ ಪುರಾವೆ ಹುಡುಕಿಕೊಂಡು ಅಲೆಯಬೇಕಾಗಿಲ್ಲ.

"ಕೋವಿ ಹಿಡಿದಿರಲಿಲ್ಲ" ಎಂಬ ಮಾತಿಗೂ ಸುಪ್ರೀಂ ಕೋರ್ಟು ಉತ್ತರ ಕೊಟ್ಟು ನಾಲ್ಕು ದಶಕ ದಾಟಿತು. 1982ರಲ್ಲಿ ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಕ್ರೀಡಾಂಗಣ, ಮೇಲ್ಸೇತುವೆ ಕಟ್ಟಿದವರು ಹೊರರಾಜ್ಯಗಳಿಂದ ಬಂದ ಕೂಲಿಗಳು. ಸರಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಹಣ ಜಮಾದಾರರ ಕೈಯಿಂದ ಹಾಯುತ್ತಿತ್ತು; ಅವರು ತಲೆಗೆ ಒಂದು ರೂಪಾಯಿ ದಲ್ಲಾಳಿ ಮುರಿದು 8 ರೂಪಾಯಿ 25 ಪೈಸೆ ಕೊಡುತ್ತಿದ್ದರು. ನ್ಯಾಯಮೂರ್ತಿ ಭಗವತಿಯವರು ತೀರ್ಪು ಕೊಟ್ಟರು: ಹಸಿವು ಮತ್ತು ಬಡತನ ದೂಡಿದ್ದರಿಂದ ಒಬ್ಬನು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿದರೆ ಅದೂ ಬಲವಂತದ ದುಡಿಮೆಯೇ, ಸಂವಿಧಾನದ 23ನೆಯ ಪರಿಚ್ಛೇದ ಅದನ್ನು ನಿಷೇಧಿಸಿದೆ ಎಂದು. ಅಂದರೆ ಕೋವಿ ಬೇಡ, ಹೊಟ್ಟೆಯೇ ಕೋವಿ. ಒಂದು ರೂಪಾಯಿ ಮುರಿದದ್ದಕ್ಕೆ ಸುಪ್ರೀಂ ಕೋರ್ಟು ಅಷ್ಟು ಹೇಳಿತು. 97,800 ಮುರಿದವರಿಗೆ ನಾವು ಶಾಲು ಹೊದಿಸಿದೆವು.

ಆ ಕಟ್ಟಡದ ಕಚೇರಿಗೂ ನಾವು ನಾಲ್ಕು ಜನ ಹೋಗಿದ್ದೆವು. ತಂಪು ಖೋಲಿಯಲ್ಲಿ ಕೂರಿಸಿ, ಹೊಳೆಯುವ ಕಾಗದವೊಂದನ್ನು ತೋರಿಸಿದರು. ತಮ್ಮ ಯಾವ ಕೆಲಸದಲ್ಲೂ ಬಲವಂತದ ದುಡಿಮೆ ಇಲ್ಲವೆಂದು ಅದರಲ್ಲಿ ಅಚ್ಚಾಗಿತ್ತು. ಕಾಗದ ಚೆನ್ನಾಗಿತ್ತು. ಇಂಥ ಕಾಗದದ ತವರು ಇಂಗ್ಲೆಂಡ್ ಎನ್ನಬಹುದು. ಅಲ್ಲಿ 2015ರ ಆಧುನಿಕ ಗುಲಾಮಗಿರಿ ಕಾನೂನಿನಂತೆ ವರ್ಷಕ್ಕೆ 3 ಕೋಟಿ 60 ಲಕ್ಷ ಪೌಂಡ್ ಮತ್ತು ಮೇಲ್ಪಟ್ಟು ವಹಿವಾಟಿರುವ ಕಂಪನಿಗಳು ಗುಲಾಮಗಿರಿ ತಡೆಯಲು ಏನು ಮಾಡಿದೆವೆಂದು ಪ್ರತಿ ವರ್ಷ ಹೇಳಿಕೆ ಹೊರಡಿಸಬೇಕು. ಆದರೆ ಏನೂ ಮಾಡಿಲ್ಲವೆಂದು ಬರೆದರೂ ಆ ಕಲಮಿಗೆ ಸಾಕು! ಮಾಡಬೇಕೆಂದಿಲ್ಲ, ಬರೆದರಾಯಿತು. ನಮ್ಮ ಕಚೇರಿಯವರು ಅದನ್ನೂ ಮೀರಿಸಿದರು. ಕೆಲಸ ಮಾಡಿದವರ ಹೆಸರಿನ ಪಟ್ಟಿ ಕೊಡಿ ಎಂದಾಗ, "ಅದು ಏಜೆನ್ಸಿಯವರ ಹತ್ತಿರ" ಎಂದರು.

ಏಜೆನ್ಸಿ, ತಂಡ, ಮುಕಾದಮ ಎಂದು ಒಡೆಯುವುದೇಕೆಂಬುದು ತಿಳಿದಿರಲಿ. 1970ರ ಗುತ್ತಿಗೆ ಕಾರ್ಮಿಕ ಕಾನೂನು 20 ಜನರಿಂದ ಮೇಲೆ ಅನ್ವಯವಾಗುತ್ತಿತ್ತು. ಆದುದರಿಂದ ಮುಂಬಯಿ ಮಹಾನಗರಪಾಲಿಕೆಯ ಕಸದ ಕೆಲಸವನ್ನು 20ಕ್ಕೆ ಕಡಿಮೆ ಜನರ ತುಂಡು ತುಂಡು ಮಾಡಿ ಕೊಟ್ಟರು. ದುಡಿಯುವವರನ್ನು ಕಾರ್ಮಿಕರೆನ್ನದೆ ಸ್ವಯಂಸೇವಕರೆಂದರು. ಕಚರಾ ವಾಹತುಕ ಶ್ರಮಿಕ ಸಂಘದವರು ಬಿಡದೆ ಹೋರಾಡಿ, 2017ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನವರೆಗೆ ಗೆದ್ದು, 2,700 ಜನರನ್ನು ಪಾಲಿಕೆಯ ಖಾಯಂ ಕಾರ್ಮಿಕರನ್ನಾಗಿ ಮಾಡಿದರು. ಆದರೆ ಈಗ ಆ 20 ಎಂಬುದು 50 ಆಗಿದೆ. 2025ರ ನವೆಂಬರ್ 21ರಿಂದ ಹಳೆಯ ಕಾನೂನುಗಳ ಜಾಗಕ್ಕೆ ಬಂದ ಸಂಹಿತೆಯಲ್ಲಿ ಗುತ್ತಿಗೆ ಕಾರ್ಮಿಕರ ಅಧ್ಯಾಯ 50 ಜನರಿಂದ ಮೇಲೆ. ಒಂಬತ್ತು ಜನರ ತೋಟದ ತಂಡ ಎಲ್ಲಿ, ಐವತ್ತು ಎಲ್ಲಿ? ಬಲೆಯ ಕಣ್ಣು ದೊಡ್ಡದು ಮಾಡಿದರೆ ಯಾವ ಮೀನು ತಪ್ಪಿಸಿಕೊಳ್ಳುತ್ತದೆಂದು ಕರಾವಳಿಯವರಿಗೆ ನಾವು ಹೇಳಬೇಕೆ?

ಆದರೂ ಕೈಗೆ ಸಿಗುವ ಹಗ್ಗ ಒಂದಿದೆ. ಅದೇ ದಿನ ಜಾರಿಯಾದ ವೇತನ ಸಂಹಿತೆಯ 43ನೆಯ ಕಲಮಿನ ಪ್ರಕಾರ, ಕೆಲಸಕ್ಕೆ ಇಟ್ಟುಕೊಂಡವನು ಪಗಾರ ಕೊಡದಿದ್ದರೆ ಯಾರ ಸಂಸ್ಥೆಯಲ್ಲಿ ಕೆಲಸ ನಡೆಯಿತೋ ಆ ಕಂಪನಿಯೇ ಕೊಡಬೇಕು. ಕೆಲಸ ಬಿಟ್ಟವನ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಹೆಣ್ಣು ಗಂಡೆಂದು ಕೂಲಿಯಲ್ಲಿ ಭೇದ ಮಾಡುವಂತಿಲ್ಲ. ಬಾಕಿ ಕೇಳಲು ಮೂರು ವರ್ಷ ಅವಕಾಶ. ಈ ಕಲಮುಗಳನ್ನು ಕನ್ನಡದಲ್ಲಿ ಬರೆದು ದೂರಿನ ಜೊತೆ ಆ ಒಂಬತ್ತು ಜನರಿಗೆ ಓದಿ ಹೇಳಿದೆವು. ಆಗ ಆ ಮಗುವಿನ ತಾಯಿ ಕೇಳಿದಳು: "ಇಷ್ಟೆಲ್ಲಾ ಐತಂದ್ರ ನಮಗ್ಯಾಕ ಯಾರೂ ಹೇಳಿಲ್ಲ?"

ಉತ್ತರ ನಮ್ಮಲ್ಲಿರಲಿಲ್ಲ. ದೇಶದಲ್ಲಿ 1 ಕೋಟಿ 84 ಲಕ್ಷ ಜೀತದಾಳುಗಳನ್ನು 2030ರೊಳಗೆ ಗುರುತಿಸಿ ಬಿಡಿಸುತ್ತೇವೆಂದು ಕೇಂದ್ರ ಸರಕಾರವೇ 2016ರಲ್ಲಿ ಹೇಳಿತ್ತು. ಪ್ರತಿ ಜಿಲ್ಲೆಯಲ್ಲಿ ಜಾಗೃತಿ ಸಮಿತಿ ಇರಬೇಕೆಂದು ಕಾನೂನಿದೆ. ಬಿಡುಗಡೆಯಾದವರಿಗೆ ಗಂಡಸಾದರೆ ಒಂದು ಲಕ್ಷ, ಹೆಂಗಸು-ಮಕ್ಕಳಿಗೆ ಎರಡು ಲಕ್ಷ ಪುನರ್ವಸತಿ ಹಣವೆಂದು ಯೋಜನೆಯಿದೆ. ಹೇಳುವವರು ಮಾತ್ರ ಇಲ್ಲ. ಸರಕಾರವನ್ನು ಬೈಯುವುದು ಸುಲಭ, ಬೈಯಲೂ ಬೇಕು. ಆದರೆ ಆ ಜನ ಸರಕಾರಿ ಕಚೇರಿಯ ಮೆಟ್ಟಿಲ ಮೇಲೆ ಕೂರಲಿಲ್ಲ. ನಮ್ಮ ಮೆಟ್ಟಿಲ ಮೇಲೆ ಕುಳಿತರು. ಹಲಗೆಯ ಮೇಲಿನ ಕನ್ನಡ ಅಕ್ಷರ ನೋಡಿ ಬಂದೆವೆಂದರು.

ದೂರಿನ ಪ್ರತಿ ತಲುಪಿದ ಮೂರನೆಯ ದಿನ ಕಂತ್ರಾಟುದಾರರ ಗುಮಾಸ್ತನೊಬ್ಬ ಸಂಘಕ್ಕೆ ಬಂದ. ಕಾರ್ಡುಗಳನ್ನು ತಿರುಗಿ ಕೊಟ್ಟ. ಎಲ್ಲರಿಗೂ ಸೇರಿ 50,000 ಕೊಡುತ್ತೇವೆ, ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಿ ರೈಲು ಹತ್ತಿಸಿಬಿಡಿ ಎಂದ. ನಮ್ಮ ಸಮಿತಿಯಲ್ಲೇ ಇಬ್ಬರು, "ಬಂದಷ್ಟು ಬರಲಿ" ಎಂದರು. ಒಂಬತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬೇಡವೆಂದರು. ಎರಡು ವಾರದಿಂದ ಅವರು ಸಂಘದ ಖೋಲಿಯಲ್ಲೇ ಇದ್ದಾರೆ; ಮೂರು ಹೋಟೆಲುಗಳ ಅಡಿಗೆಯವರು ಸರದಿಯಂತೆ ಊಟ ಕಳುಹಿಸುತ್ತಿದ್ದಾರೆ. ಆ ಅಡಿಗೆಯವರ ಪಗಾರವೂ ದೊಡ್ಡದಲ್ಲ.

ಬರುವ ಮಹಾಸಭೆಯಲ್ಲಿ ನಾವು ಒಂದು ಠರಾವು ಮಂಡಿಸುತ್ತೇವೆ. ರಾಜ್ಯೋತ್ಸವಕ್ಕೆ ಪಡೆದ ಆ ದೇಣಿಗೆಯನ್ನು ಚೆಕ್ಕಿನ ಮೂಲಕ ತಿರುಗಿ ಕಳುಹಿಸಬೇಕು. ಊಟ ಉಂಡಾಗಿದೆ, ಹಣ ಎಲ್ಲಿಂದ ಎಂದು ಖಜಾಂಚಿಗಳು ಕೇಳುತ್ತಾರೆ; ಉಂಡವರೆಲ್ಲ ತಲಾ ಇಷ್ಟೆಂದು ಹಾಕೋಣ. ನಾವು ಮೊದಲು ಹಾಕುತ್ತೇವೆ. ತೋಟದ, ಕಟ್ಟಡದ ಕೂಲಿಗಳಿಗೆ ಸದಸ್ಯತ್ವ ತೆರೆಯಬೇಕು. ಚಂದಾ ವರ್ಷಕ್ಕೊಮ್ಮೆ, ಅದೂ ಕೈಲಾದಷ್ಟು. ಸದಸ್ಯರ ಉಳಿತಾಯದ ನಿಧಿಯಿಂದ ಇಂಥವರಿಗೆ ಮದುವೆಗೆ, ಔಷಧಕ್ಕೆ ಸಣ್ಣ ಸಾಲ ಕೊಡುವಂತಾಗಬೇಕು. ಇದಿಲ್ಲದೆ ಮುಂಗಡ ತೆಗೆದುಕೊಳ್ಳಬೇಡಿ ಎಂದು ಉಪದೇಶ ಮಾಡುವುದು ನಮಗೆ ನಾಚಿಕೆ. ಮತ್ತು ಪ್ರತಿ ಕೂಲಿಕಾರನ ಕೈಗೆ ಅವನದೇ ಒಂದು ಹಾಜರಿ ಪುಸ್ತಕ: ದಿನಕ್ಕೊಂದು ಗೆರೆ, ಖರ್ಚಿ ಪಡೆದ ದಿನಕ್ಕೊಂದು ಸೊನ್ನೆ. ಗೆರೆ ಎಳೆಯಲು ಶಾಲೆ ಬೇಕಾಗಿಲ್ಲ. ರಾತ್ರಿಶಾಲೆಯ ಮಕ್ಕಳು ಆಗಲೇ ಇನ್ನೂರು ಪುಸ್ತಕ ಹೊಲಿದಿದ್ದಾರೆ.

ಜಿಲ್ಲಾಧಿಕಾರಿ ಕಚೇರಿಯಲ್ಲಿ ಬರುವ ಬುಧವಾರ ಹೇಳಿಕೆ ತೆಗೆದುಕೊಳ್ಳುತ್ತಾರೆ. ಅದೇ ಮುಕಾದಮನ ಕೈಕೆಳಗೆ ಹಿಂದೆ ದುಡಿದವರು ಯಾರಾದರೂ ನಿಮ್ಮ ಚಾಳಿನಲ್ಲಿ, ನಿಮ್ಮ ಹೋಟೆಲಿನ ಹಿಂಬದಿಯಲ್ಲಿ ಇದ್ದರೆ ಮಂಗಳವಾರ ರಾತ್ರಿ ಹತ್ತರ ಮೇಲೆ ಸಂಘದ ಖೋಲಿಗೆ ಕರೆತನ್ನಿ. ಖರ್ಚಿಯ ಚೀಟಿ, ಫೋನಿನಲ್ಲಿ ತೆಗೆದ ಫೋಟೋ, ಗೇಟಿನ ಪಾಸು, ಏನಿದ್ದರೂ ಜೊತೆಗೆ ಇರಲಿ.